ಮಂಜಪ್ಪನವರೂ ನಾಯಿಯ ತಟ್ಟೆಯೂ

ಮಂಜಪ್ಪನವರು ಯಾರ ಮನೆಗೆ ಹೋದರೂ ಮೊದಲು ನಾಯಿಯ ತಟ್ಟೆಯನ್ನು ಮಗುಚಿ ನೋಡುತ್ತಿದ್ದರು. ಹಿತ್ತಲ ಬಾಗಿಲ ಹತ್ತಿರ ಬಿದ್ದಿರುವ ತಟ್ಟೆಯನ್ನು ಬಗ್ಗಿ ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಅದರ ಮೇಲೆ ಕೆತ್ತಿಸಿದ ಹೆಸರನ್ನು ಹುಡುಕುವರು. ಮದುವೆಗೆ, ಗೃಹಪ್ರವೇಶಕ್ಕೆ ಉಡುಗೊರೆ ಕೊಡುವ ಸ್ಟೀಲ್ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೆತ್ತಿಸುವುದು ನಮ್ಮಲ್ಲಿ ರೂಢಿ. ಹೆಸರು ಸಿಕ್ಕಿತೋ, ಮನೆಯವರಿಗೆ ಪಾಠ ಶುರು. "ಇದು ಮದುವೇಲಿ ಬಂದ ತಟ್ಟೆ. ನಿನ್ನೆವರೆಗೂ ಒಳಗಿತ್ತು, ನೆಂಟರು ಬಂದ್ರೆ ನಾಳೆ ಮತ್ತೆ ಒಳಗೆ ಹೋಗ್ತದೆ. ಮುದ್ದು ಕೈಯಲ್ಲಿ ಮಾಡಿ ಮಾರಾಯ್ರೆ, ತಟ್ಟೆಯಲ್ಲಿ ಬೇಡ."

ಎನ್.ಆರ್. ಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಪಕ್ಕದ ಮನೆ ಅವರದು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಕೆಲಸ. ಊರವರೆಲ್ಲ ಡಾಕ್ಟ್ರೇ ಎಂದು ಕರೆದರೆ ಪ್ರತಿ ಸಲವೂ "ನಾನು ಡಾಕ್ಟ್ರಲ್ಲ, ಕಾಂಪೌಂಡರ್ರು" ಎಂದು ತಿದ್ದುವರು. ತಿದ್ದದೆ ಒಂದು ಮಾತನ್ನೂ ಮುಂದುವರಿಸುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಅವರನ್ನು ಸಾಕಿ ಬೆಳೆಸಿದ ಅಕ್ಕ ಗಿರಿಜಕ್ಕ ಅವರ ಜೊತೆಗಿದ್ದರು. ಸ್ಕೂಟರಿನ ಡಿಕ್ಕಿಯಲ್ಲಿ ಸೂಜಿ, ಔಷಧಿಗಳ ಜೊತೆ ಒಂದು ಸೋಪಿನ ಡಬ್ಬಿ ಯಾವಾಗಲೂ ಇರುತ್ತಿತ್ತು. ಯಾವ ಪ್ರಾಣಿಯನ್ನು ಮುಟ್ಟಿದರೂ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವರು.

ನಾನು ಆಗ ದಿನಾ ಶೆಟ್ಟಿಕೊಪ್ಪದ ಶಾಲೆಗೆ ಪಾಠ ಮಾಡಲು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸಂಜೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಪಾಂಡು ಎಂಬ ನಾಯಿ ಇತ್ತು. ಅದಕ್ಕೆಂದು ಬೇರೆ ಅಡುಗೆ ಮಾಡುವ ತ್ರಾಣ ನನಗಿರಲಿಲ್ಲ. ನಾವು ಉಂಡು ಉಳಿದದ್ದೇ ಅದರ ಊಟ. ಮಗಳು ಸಿಂಚನ ತನ್ನ ತಟ್ಟೆಯನ್ನೇ ಅದರ ಮುಂದೆ ಇಡುತ್ತಿದ್ದಳು. ಆಗ ಅವಳಿಗೆ ಏಳು ವರ್ಷ. ಪಾಂಡು ನೆಕ್ಕಿದ ತಟ್ಟೆಯನ್ನು ನೋಡಿ, ಬೆಳಗಿದಷ್ಟು ಚೊಕ್ಕವಾಗಿದೆ, ತೊಳೆಯುವ ಕೆಲಸ ಉಳಿಯಿತು ಎಂದು ನಾನೇ ತಮಾಷೆ ಮಾಡಿದ್ದೂ ಉಂಟು. ಮಂಜಪ್ಪನವರು ಕಾಂಪೌಂಡಿನಾಚೆಯಿಂದ ಎರಡು ಮೂರು ಸಲ ಹೇಳಿದರು. ನಾನು ಆಯ್ತು ಆಯ್ತು ಎಂದು ತಲೆಯಾಡಿಸಿ ಒಳಗೆ ಬಂದೆ.

ಒಮ್ಮೆ ಎದುರು ಮನೆಯ ಗೃಹಪ್ರವೇಶದಲ್ಲಿ ಪಲಾವು, ಈರುಳ್ಳಿ ಮೊಸರುಬಜ್ಜಿ ಬಹಳ ಉಳಿಯಿತು. ದೊಡ್ಡ ಡಬರಿಯಲ್ಲಿ ನಮಗೂ ಕೊಟ್ಟರು. ಫ್ರಿಜ್ಜಿನಲ್ಲಿಟ್ಟು ಮೂರು ದಿನ ಪಾಂಡುವಿಗೆ ಅದನ್ನೇ ಹಾಕಿದೆ. ಅಡುಗೆಯ ಚಿಂತೆ ತಪ್ಪಿತಲ್ಲ ಎಂಬ ನೆಮ್ಮದಿ. ಐದನೆಯ ದಿನ ಅದು ಏಳಲಿಲ್ಲ. ಉಚ್ಚೆ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಮಂಜಪ್ಪನವರು ಬಂದು ಅದರ ತುಟಿ ಸರಿಸಿ ತೋರಿಸಿದರು. ಒಸಡು ಸುಣ್ಣ ಬಳಿದ ಗೋಡೆಯ ಹಾಗಿತ್ತು. ಏನು ತಿಂದಿತ್ತು ಎಂದು ಕೇಳಿದರು. ಹೇಳಿದೆ. ಈರುಳ್ಳಿ ನಾಯಿಯ ರಕ್ತವನ್ನೇ ಒಡೆದುಹಾಕುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ನಾನೇ ಮುಂಚೆ, "ಬೇರೆ ಮಾಡಕ್ಕೆ ಆಗಲ್ಲ ಮಂಜಪ್ಪನೋರೆ, ಬಂದು ಬಿದ್ರೆ ಸಾಕಾಗಿರ್ತದೆ" ಎಂದೆ. ಅವರು ಪಾಂಡುವನ್ನು ಗೋಣಿತಾಟಿನಲ್ಲಿ ಸುತ್ತುತ್ತ, ತಲೆಯೆತ್ತದೆ, "ನಿಮಗೆ ಸುಸ್ತು ಹೌದು ಟೀಚರೇ. ಅದು ಇದಕ್ಕೆ ಗೊತ್ತಿಲ್ಲ. ಹಾಕಿದ್ದು ತಿಂತು" ಎಂದರು. ಅಷ್ಟೇ ಹೇಳಿ ಸ್ಕೂಟರಿನ ಮುಂದೆ ಅದನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ಹದಿನೈದು ದಿನ ಆಯಿತು ಪಾಂಡು ಚೇತರಿಸಿಕೊಳ್ಳಲು. ಆಮೇಲೆ ಅದಕ್ಕೊಂದು ಅಲ್ಯೂಮಿನಿಯಂ ಬೋಗುಣಿ ಬಂತು, ಉಪ್ಪು ಖಾರ ಇಲ್ಲದ ಅನ್ನ ಬಂತು. ಅನ್ನಕ್ಕೆ ಒಂದು ಬೇಯಿಸಿದ ಮೊಟ್ಟೆ. ಮಾಡಿ ನೋಡಿದರೆ ಹತ್ತು ನಿಮಿಷದ ಕೆಲಸ.

ಇನ್ನೊಂದು ಸಂಗತಿ ಶೃಂಗೇರಿ ಕಡೆ ನಡೆದದ್ದು. ಅಲ್ಲಿ ನನ್ನ ಚಿಕ್ಕಮ್ಮನ ಮನೆ. ದೊಡ್ಡ ಮನೆ, ಜಾತಿ ನಾಯಿ. ಅದಕ್ಕೆ ಚುಚ್ಚುಮದ್ದು ಹಾಕಿಸಲು ಒಬ್ಬರು ಬೇಕೆಂದಾಗ ನಾನೇ ಮಂಜಪ್ಪನವರನ್ನು ಕರೆದುಕೊಂಡು ಹೋಗಿದ್ದೆ. ನಾಯಿ ಡೈನಿಂಗ್ ಟೇಬಲ್ಲಿನ ಕುರ್ಚಿ ಮೇಲೆ ಕೂತು, ಮನೆಯವರ ಪಿಂಗಾಣಿ ತಟ್ಟೆಯಲ್ಲಿ ಇಡ್ಲಿ ತಿನ್ನುತ್ತಿತ್ತು. ಚಿಕ್ಕಮ್ಮ ಅದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಮಂಜಪ್ಪನವರು ತಮ್ಮ ಪಾಠ ಒಪ್ಪಿಸಿದರು. ಚಿಕ್ಕಮ್ಮನಿಗೆ ಸಿಟ್ಟು ಬಂತು. ನಮ್ಮ ನಾಯಿ ವಾರಕ್ಕೆರಡು ಸಲ ಶಾಂಪೂ ಹಾಕಿ ಸ್ನಾನ ಮಾಡ್ತದೆ, ಎಷ್ಟೋ ಮನುಷ್ಯರಿಗಿಂತ ಚೊಕ್ಕ, ನಮ್ಮಲ್ಲಿ ಅದೂ ಒಂದು ಮಗುವೇ, ಭೇದ ಮಾಡೋ ಕ್ರಮ ಇಲ್ಲ ಎಂದರು.

ಮಂಜಪ್ಪನವರು ಚುಚ್ಚುಮದ್ದು ಹಾಕಿ ಕೈ ತೊಳೆಯಲು ಹಿಂದಕ್ಕೆ ಹೋದರು. ನಾನೂ ನೀರು ತೋರಿಸಲು ಹೋದೆ. ಅಲ್ಲಿ ಪಾತ್ರೆ ತೊಳೆಯುವ ಹೆಂಗಸು ಕಲ್ಲಿನ ಮೇಲೆ ಕೂತು ಚಾ ಕುಡಿಯುತ್ತಿದ್ದಳು. ಕುಡಿದು, ಲೋಟವನ್ನು ತಾನೇ ತೊಳೆದು, ಬಚ್ಚಲ ಗೋಡೆಯ ಹೊರಗಿನ ಮೊಳೆಗೆ ಸಿಕ್ಕಿಸಿದಳು. ಪಿಡಿ ಇದ್ದ ಹಳೇ ಲೋಟ. ಮಂಜಪ್ಪನವರು ಆ ಲೋಟವನ್ನು ನೋಡಿದರು. ಎಷ್ಟು ವರ್ಷದಿಂದ ಇಲ್ಲಿ ಕೆಲಸ ಎಂದು ಕೇಳಿದರು. ಅವಳು ಲೆಕ್ಕ ಹಾಕಿ, ಈ ಮನೆಯ ಹುಡುಗಿಯರ ಬಾಣಂತನಕ್ಕೂ ಮುಂಚಿನಿಂದ ಎಂದಳು.

ಒಳಗೆ ನಮಗೆ ಕಪ್ಪಿನಲ್ಲಿ ಕಾಫಿ ಬಂತು. ಮಂಜಪ್ಪನವರು ಕಪ್ಪನ್ನು ಮುಟ್ಟಲಿಲ್ಲ. "ಅಮ್ಮ, ಬೇಜಾರು ಮಾಡ್ಕಬೇಡಿ. ನನಗೂ ಹೊರಗೆ ಮೊಳೆಗೆ ಹಾಕಿದಾರಲ್ಲ, ಆ ಲೋಟದಲ್ಲೇ ಕೊಡಿ. ಒಳಗಿನ ಪಾತ್ರೆ ನಾಯಿಗೆ ಇರ್ಲಿ" ಎಂದರು. ದನಿ ಏರಿರಲಿಲ್ಲ. ಚಿಕ್ಕಮ್ಮ ಎದ್ದು ಒಳಗೆ ಹೋದವರು ನಾವು ಹೊರಡುವವರೆಗೂ ಬರಲಿಲ್ಲ. ಮೂರು ವರ್ಷ ನನ್ನನ್ನು ಯಾವ ಕಾರ್ಯಕ್ಕೂ ಕರೆಯಲಿಲ್ಲ. ದಾರಿಯಲ್ಲಿ ನಾನು ಮುಖ ಊದಿಸಿಕೊಂಡಿದ್ದೆ. ಆ ಮನೆಗೆ ಚಿಕ್ಕಂದಿನಿಂದ ಹೋಗುತ್ತಿದ್ದೇನೆ, ಆ ಮೊಳೆಯನ್ನೂ ನೋಡಿದ್ದೇನೆ. ನನ್ನ ಸಿಟ್ಟು ಯಾರ ಮೇಲೆ ಎಂದು ಕೊಪ್ಪ ಬರುವವರೆಗೂ ತಿಳಿಯಲಿಲ್ಲ.

ಇಷ್ಟು ಖಡಾಖಂಡಿತವಾಗಿದ್ದ ಮನುಷ್ಯನಿಗೆ ಮುಂದೆ ಬಂದದ್ದು ಹೀಗೆ.

ಗಿರಿಜಕ್ಕನಿಗೆ ಮೊದಲು ಸಣ್ಣ ಪುಟ್ಟ ಮರೆವು. ಒಲೆ ಆರಿಸಲು ಮರೆಯುವುದು, ಸೆರಗಿನಲ್ಲಿ ಬೀಗದ ಕೈ ಕಟ್ಟಿಕೊಂಡು ಊರೆಲ್ಲ ಹುಡುಕುವುದು. ಒಂದೆರಡು ವರ್ಷದಲ್ಲಿ ಮನೆ ಯಾವುದು, ಹಗಲು ಯಾವುದು ಎಂಬುದೂ ಹೋಯಿತು. ಕೊನೆಗೆ ಉಣ್ಣುವುದನ್ನೇ ಬಿಟ್ಟರು. ಮಂಜಪ್ಪನವರು ಬೆಳಿಗ್ಗೆ ಉಣ್ಣಿಸಲು ಕೂರುವರು, ಮಧ್ಯಾಹ್ನ ಆಸ್ಪತ್ರೆಯಿಂದ ಬಂದು ಮತ್ತೆ ಕೂರುವರು. ಗಿರಿಜಕ್ಕ ಬಾಯಿ ಬಿಗಿಹಿಡಿದು ಗೋಡೆ ಕಡೆ ತಿರುಗುವರು. ಗಂಜಿ ಎದೆಯ ಮೇಲೆ ಇಳಿಯುತ್ತಿತ್ತು. ಅದನ್ನು ಒರೆಸಿ, ಸೀರೆ ಬದಲಿಸಿ, ಮತ್ತೆ ಸ್ಕೂಟರ್ ಹತ್ತಿ ಹೋಗುವರು. ಅವರ ಮುಖವೂ ಅಕ್ಕನ ಮುಖದಷ್ಟೇ ಇಳಿದುಹೋಗಿತ್ತು. ಹೀಗೇ ಆದರೆ ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ.

ಆ ದಿನಗಳಲ್ಲೇ ಅವರ ಮನೆಯಲ್ಲಿ ಚುಕ್ಕಿ ಎಂಬ ಬೀದಿ ನಾಯಿ ಇತ್ತು. ಬೈಕಿಗೆ ಸಿಕ್ಕಿ ಕಾಲು ಮುರಿದುಕೊಂಡದ್ದನ್ನು ಇವರೇ ತಂದು ಪಟ್ಟಿ ಕಟ್ಟಿದ್ದರು. ಒಂದು ಭಾನುವಾರ ಮಧ್ಯಾಹ್ನ ನಾನು ಗಿರಿಜಕ್ಕನಿಗೆಂದು ತೆಳ್ಳಗೆ ರಾಗಿ ಅಂಬಲಿ ಮಾಡಿಕೊಂಡು ಹೋದೆ. ಬಾಗಿಲು ತೆರೆದಿತ್ತು. ಗಿರಿಜಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು, ಮುಂದೆ ಅನ್ನದ ತಟ್ಟೆ, ತಟ್ಟೆಯ ಆಚೆ ಚುಕ್ಕಿ. ಗಿರಿಜಕ್ಕ ಒಂದು ತುತ್ತು ಕಲಸಿ ಚುಕ್ಕಿಯ ಬಾಯಿಗಿಟ್ಟರು. ಇನ್ನೊಂದು ತುತ್ತು ತಾವು ಉಂಡರು. ಅದೇ ಕೈ, ಅದೇ ತಟ್ಟೆ. ಮಂಜಪ್ಪನವರು ಮೂಲೆಯಲ್ಲಿ ಕೂತು ನೋಡುತ್ತಿದ್ದರು.

ನನ್ನನ್ನು ಕಂಡೊಡನೆ ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಎದ್ದು ನಿಂತರು.

"ಉಣ್ಣು ತಮ್ಮ, ಉಣ್ಣು" ಎಂದು ಗಿರಿಜಕ್ಕ ಚುಕ್ಕಿಗೆ ಹೇಳುತ್ತಿದ್ದರು. ಜನ್ಮವೆಲ್ಲ ಮಂಜಪ್ಪನವರನ್ನು ಕರೆದದ್ದು ತಮ್ಮ ಎಂದೇ. ಆಮೇಲೆ ಇವರ ಕಡೆ ತಿರುಗಿ, "ಡಾಕ್ಟ್ರೇ, ನಮ್ಮ ತಮ್ಮ ಈಗ ಉಣ್ತಾನೆ. ಇನ್ನೆಂತ ತೊಂದ್ರೆ ಇಲ್ಲ" ಎಂದರು.

ಮಂಜಪ್ಪನವರು, "ಹೌದಮ್ಮ, ಇನ್ನು ತೊಂದ್ರೆ ಇಲ್ಲ" ಎಂದರು. ತಾನು ಡಾಕ್ಟರಲ್ಲ ಎಂದು ಅವರು ತಿದ್ದದೇ ಹೋದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಚುಕ್ಕಿಗೆ ಬೇರೆ ತಟ್ಟೆ ಇಟ್ಟು ನೋಡಿದ್ದರಂತೆ. ಅಂಥದ್ದೇ ಇನ್ನೊಂದು ತಟ್ಟೆ ತಂದು ಪಕ್ಕದಲ್ಲೇ ಇಟ್ಟರೂ ಗಿರಿಜಕ್ಕ ಅದನ್ನು ದೂಡಿ ಬಾಯಿ ಮುಚ್ಚಿಕೊಂಡರಂತೆ. ನಾಯಿಯನ್ನು ಹೊರಗೆ ಕಟ್ಟಿದರೆ ತಮ್ಮ ಎಲ್ಲಿ ಎಂದು ಅಳು. ಇದನ್ನೆಲ್ಲ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನಾನು ಸಮಾಧಾನಕ್ಕೆ, ಹೋಗಲಿ ಬಿಡಿ, ನಿಯಮ ಅನ್ನೋದು ಎಲ್ಲ ಕಾಲಕ್ಕೂ ಒಂದೇ ಇರಲ್ಲ ಎಂದೆ. ಅವರಿಗೆ ಆ ಮಾತು ಹಿಡಿಸಲಿಲ್ಲ.

"ನಿಯಮ ಅದೇ ಟೀಚರೇ. ನಾಯಿ ಜೊತೆ ಒಂದೇ ತಟ್ಟೇಲಿ ಉಣ್ಣೋದು ತಪ್ಪೇ. ನನಗೆ ಸಾಕಾಯ್ತು, ಅಷ್ಟೇ."

ಅಂದಿನಿಂದ ಆ ಮನೆಯ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ, ಒಗ್ಗರಣೆ ಏನೂ ಇಲ್ಲವಾಯಿತು. ಚುಕ್ಕಿಗೆ ಆಗುವುದನ್ನೇ ಅಕ್ಕನಿಗೂ ಬೇಯಿಸುವರು, ತಮಗೂ ಬಡಿಸಿಕೊಳ್ಳುವರು. ಚುಕ್ಕಿಗೆ ತಪ್ಪದೆ ಜಂತಿನ ಔಷಧಿ, ಚುಚ್ಚುಮದ್ದು, ಸ್ನಾನ. ಅಕ್ಕನ ಉಗುರು ವಾರವಾರ ಕತ್ತರಿಸುವರು, ಉಣ್ಣುವ ಮೊದಲೂ ಆಮೇಲೂ ಕೈ ತೊಳೆಸುವರು. ತಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದುವರು. ತಪ್ಪು ಎಂದು ತಾವೇ ಹೇಳಿದ್ದನ್ನು ಅಷ್ಟು ಚೊಕ್ಕವಾಗಿ ಮಾಡಿದವರನ್ನು ನಾನು ನೋಡಿಲ್ಲ.

ಗುಟ್ಟು ಉಳಿಯಲಿಲ್ಲ. ಅವರ ಊರಾದ ಸೀತೂರಿನಿಂದ ನೋಡಲು ಬಂದ ನೆಂಟರು ನೀರೂ ಕುಡಿಯದೆ ಎದ್ದರು. ಕೂಸನ್ನು ಕಟ್ಟಿಕೊಂಡು ಬರುತ್ತಿದ್ದ ಮಂಜಪ್ಪನವರ ಅಣ್ಣನ ಮಗಳು ಬರುವುದು ನಿಲ್ಲಿಸಿದಳು. ಅದನ್ನು ಮಂಜಪ್ಪನವರು ಸರಿ ಎಂದೇ ಹೇಳಿದರು, ಕೂಸಿರುವವರು ಬರಬಾರದು ಎಂದರು. ಹೇಳಿ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಒಂದು ದಿನ ಅಂಗಡಿಯಲ್ಲಿ, ಹಿಂದೊಮ್ಮೆ ಇವರಿಂದ ಪಾಠ ಹೇಳಿಸಿಕೊಂಡವರೊಬ್ಬರು ನಾಲ್ಕು ಜನರ ಮುಂದೆ, ನಮ್ಮ ಮನೆ ತಟ್ಟೆ ಮಗುಚಿದ್ರಲ್ಲ ಮಾರಾಯ್ರೆ, ಈಗ ನಿಮ್ಮದನ್ನ ಯಾರು ಮಗುಚೋದು ಎಂದು ಕೇಳಿದರು. ಮಂಜಪ್ಪನವರು ನೀವು ಹೇಳೋದು ಹೌದು ಎಂದು ಒಪ್ಪಿಕೊಂಡು, ಕೊಂಡ ಅಕ್ಕಿಯನ್ನು ಸ್ಕೂಟರಿಗೆ ಕಟ್ಟಿಕೊಂಡು ಬಂದರು. ಅಲ್ಲಿಂದ ಮುಂದೆ ಅವರು ಯಾರ ಮನೆಯ ತಟ್ಟೆಗೂ ಬಗ್ಗಿದ್ದನ್ನು ನಾನು ಕಾಣಲಿಲ್ಲ.

ಗಿರಿಜಕ್ಕ ಒಂದೂವರೆ ವರ್ಷ ಹಾಗೆ ಉಂಡುಕೊಂಡು ಬದುಕಿದರು. ಹೋದದ್ದು ನಿದ್ದೆಯಲ್ಲಿ. ಅದಾದ ಮೇಲೆ ಮಂಜಪ್ಪನವರು ನಿವೃತ್ತರಾಗಿ, ಮನೆ ಬಿಟ್ಟು, ಚುಕ್ಕಿಯನ್ನು ಕರೆದುಕೊಂಡು ಸೀತೂರಿಗೆ ಹೋದರು. ಹೊರಡುವ ದಿನ ನಾನು ಶಾಲೆಯಲ್ಲಿದ್ದೆ. ಸಂಜೆ ಬಂದಾಗ ಪಕ್ಕದ ಮನೆಗೆ ಬೀಗ ಬಿದ್ದಿತ್ತು.

ಕಡೆಯ ಸಲ ಕಂಡದ್ದು ಕೊಪ್ಪದಲ್ಲಿ. ತರಬೇತಿಗೆಂದು ಹೋದವಳು ಊಟದ ಬಿಡುವಿನಲ್ಲಿ ಹೊರಗೆ ಬಂದರೆ, ಎದುರಿನ ಬಯಲಲ್ಲಿ ನಾಯಿಗಳಿಗೆ ರೇಬೀಸ್ ಚುಚ್ಚುಮದ್ದಿನ ಶಿಬಿರ. ನಿವೃತ್ತರಾಗಿದ್ದರೂ ಸಹಾಯಕ್ಕೆ ಬಂದು ಮೇಜಿನ ಹಿಂದೆ ಕೂತು ಚೀಟಿ ಬರೆಯುತ್ತಿದ್ದವರು ಮಂಜಪ್ಪನವರು. ಬಹಳ ಸೊರಗಿದ್ದರು. ಪಕ್ಕದ ಕುರ್ಚಿ ತೋರಿಸಿದರು, ಕೂತೆ. ಚುಕ್ಕಿ ಮಳೆಗಾಲದ ಮೊದಲೇ ಹೋಯಿತು ಎಂದರು.

ಅಷ್ಟರಲ್ಲಿ ಒಬ್ಬಳು ಎಳೆ ಪ್ರಾಯದ ತಾಯಿ, ಸೊಂಟದ ಮೇಲೆ ಕೂಸು, ಕೈಯಲ್ಲಿ ನಾಯಿಯ ಸರಪಳಿ ಹಿಡಿದು ಬಂದಳು. ಕೂಸಿನ ಬಟ್ಟಲಿಗೆ ನಾಯಿ ಬಾಯಿ ಹಾಕುತ್ತದೆ, ಅತ್ತೆ ಬೈಯುತ್ತಾರೆ, ಗಂಡ ಏನೂ ಆಗುವುದಿಲ್ಲ ಎನ್ನುತ್ತಾರೆ, ಯಾರ ಮಾತು ಕೇಳಲಿ ಎಂದಳು. ಹಳೆಯ ಮಂಜಪ್ಪನವರಾದರೆ ಅವಳ ಮಾತು ಮುಗಿಯಲೂ ಬಿಡುತ್ತಿರಲಿಲ್ಲ. ಈಗ ಪೆನ್ನು ಕೆಳಗಿಟ್ಟರು. "ಮನೇಲಿ ಯಾರ್ಯಾರು ಇದ್ದೀರಿ?" ಎಂದು ಕೇಳಿದರು. ಅವಳು ಹೇಳಿದಳು. ಕೂಸಿಗೆ ಎಷ್ಟು ತಿಂಗಳು, ಉಣ್ಣಿಸುವುದು ಯಾರು, ನಿನಗೆ ಕೈಯಾಸರೆಗೆ ಯಾರಾದರೂ ಇದ್ದಾರಾ ಎಂದೆಲ್ಲ ಕೇಳಿದರು. ಅಷ್ಟು ಕೇಳಿದ ಮೇಲೆ, ಅತ್ತೆ ಹೇಳುವುದು ಸರಿ, ಬಟ್ಟಲು ಬೇರೆ ಮಾಡು, ಕೂಸು ಉಣ್ಣುವಾಗ ನಾಯಿ ಹೊರಗಿರಲಿ ಎಂದು ಮೆತ್ತಗೆ ಹೇಳಿ ನಾಯಿಗೆ ಜಂತಿನ ಮಾತ್ರೆ ಬರೆದುಕೊಟ್ಟರು.

ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, "ಈಗ್ಲೂ ಬೇಡ ಅಂತ್ಲೇ ಹೇಳೋದು ಟೀಚರೇ. ಹೇಳಕ್ಕೆ ಸ್ವಲ್ಪ ಹೊತ್ತು ಹಿಡೀತದೆ" ಎಂದರು.

ಸೀತೂರಿಗೆ ಒಂದು ಸಲ ಬನ್ನಿ ಎಂದರು. ಬರುತ್ತೇನೆ ಎಂದೆ. ಶಾಲೆ, ಪರೀಕ್ಷೆ, ಮಗಳ ಓದು, ಎಲ್ಲದರ ನಡುವೆ ಹೋಗಲಾಗಲಿಲ್ಲ. ಅವರು ತೀರಿಕೊಂಡ ಸುದ್ದಿ ತಿಳಿದದ್ದು ವಾರವಾದ ಮೇಲೆ, ಸಂಜೆಯ ಬಸ್ಸಿನಲ್ಲಿ, ಆ ಕಡೆಯ ಪರಿಚಯದವರೊಬ್ಬರಿಂದ. ಬಸ್ಸು ತುಂಬಿತ್ತು, ನಾನು ಕಂಬಿ ಹಿಡಿದು ನಿಂತಿದ್ದೆ. ಇಳಿದು, ಮನೆಗೆ ಹೋಗಿ, ಅಕ್ಕಿ ತೊಳೆದು ಕುಕ್ಕರ್ ಇಟ್ಟೆ, ಎಲ್ಲರಿಗೂ ಬಡಿಸಿದೆ. ಅಳು ಬರಲಿಲ್ಲ, ಅಷ್ಟು ಸುಸ್ತಾಗಿತ್ತು. ಮರುದಿನ ಬೆಳಿಗ್ಗೆ ಶೆಟ್ಟಿಕೊಪ್ಪದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಆಗ ಅಳು ಬಂತು.