ಬುಗುರಿಗೆ ಕೊಟ್ಟ ಮುದುಕಿಯ ವೇಷ

ಕುಣಿಯುವವರ ಗುಂಪಿನಲ್ಲಿ ಅವಳಿಗೆ ಬುಗುರಿ ಅಂತಲೇ ಹೆಸರು. ಹರೆಯದಲ್ಲೇ ಸಿನಿಮಾ ಹಾಡುಗಳ ಹಿಂದಿನ ಸಾಲಿಗೆ ಸೇರಿದವಳು, ಗಿರಗಿರ ತಿರುಗಿ ನಿಂತರೂ ಯಾವ ಕಡೆಗೂ ವಾಲದವಳು. ಈಗ ನಲವತ್ತರ ಹತ್ತಿರ. ಮೊಣಕಾಲು ಆಗಾಗ ಕಟಕಟ ಅಂದರೂ ಯಾರ ಮುಂದೆಯೂ ಬಾಯಿಬಿಟ್ಟವಳಲ್ಲ.

ಈ ಸಲದ ಹಿಂದಿ ಹಾಡು ಭಾರೀ ಗಮ್ಮತ್ತಿನದು. ಗುಡುಗುಡು ಬಾಸ್ ಗಿಟಾರು, ಡಬ್ಬ ಬಡಿದಂಥ ತಾಳ, ತಲೆಬುಡವಿಲ್ಲದ ಪಲ್ಲವಿ. ಕೇಳಿದೊಡನೆ ಅವಳ ಕಾಲು ತಾನಾಗಿ ನೆಲ ತಟ್ಟಿತು. ನಾಯಕನಿಗೆ ಐವತ್ತು ದಾಟಿತ್ತು. ಹಾಡಿನಲ್ಲಿ ಅವನು ಕಾಲೇಜು ಹುಡುಗ. ಭುಜ ಕುಣಿಸುತ್ತ ಹಿಮ್ಮಡಿ ಜಾರಿಸುವ ಮುಖ್ಯ ಹೆಜ್ಜೆ ಮಾತ್ರ ತಿಪ್ಪರಲಾಗ ಹಾಕಿದರೂ ಅವನಿಗೆ ಒಲಿಯಲಿಲ್ಲ. ಡ್ಯಾನ್ಸ್ ಮಾಸ್ಟರ್ ಸುಸ್ತಾಗಿ ಬುಗುರಿಯನ್ನು ಕರೆದರು. ಅಭ್ಯಾಸದ ಹಾಲ್‌ನ ಕನ್ನಡಿ ಮುಂದೆ ಅವಳು ವಾರವಿಡೀ, ಮಗುವಿಗೆ ನಡಿಗೆ ಕಲಿಸಿದಂತೆ, ಅವನಿಗೆ ಆ ಹೆಜ್ಜೆ ಕಲಿಸಿದಳು. ಈ ಸಲ ಮುಂದಿನ ಸಾಲು ಸಿಗಬಹುದು ಅಂತ ಮನೆಯಲ್ಲಿ ಅತ್ತೆಗೆ ಹೇಳಿಯೂಬಿಟ್ಟಳು.

ಚಿತ್ರೀಕರಣದ ದಿನ ಮೇಕಪ್ ಕೋಣೆಯಲ್ಲಿ ಎಲ್ಲರಿಗೂ ಮಿನುಗುವ ಲಂಗ. ಇವಳ ಕುರ್ಚಿಯ ಮೇಲೆ ಬಿಳಿಕೂದಲಿನ ವಿಗ್, ದಪ್ಪ ಕನ್ನಡಕ. ಮ್ಯಾನೇಜರ್ ನಗುನಗುತ್ತ ವಿವರಿಸಿದ: ನಾಯಕ ಹುಡುಗಿಯರ ಜೊತೆ ಕುಣಿಯುವಾಗ ಮುದುಕಿಯೊಬ್ಬಳು ಅಡ್ಡ ಬರುತ್ತಾಳೆ, ಅವನು ಸೊಂಟದಿಂದ ಗುದ್ದುತ್ತಾನೆ, ಅವಳು ನೀರಿನ ತೊಟ್ಟಿಗೆ ಬೀಳುತ್ತಾಳೆ.

ಅವಳಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಆದರೂ ಒಪ್ಪಿಕೊಂಡ ಕೆಲಸ ಬಿಡಬಾರದೆಂದು ಹಲ್ಲು ಕಚ್ಚಿ ವಿಗ್ ಹಾಕಿಕೊಂಡೇ ದೀಪಗಳ ಕೆಳಗೆ ಹೋದಳು. ನಾಯಕ ಅವಳನ್ನು ನೋಡಿ, "ಏನಜ್ಜಿ, ಈಜು ಬರುತ್ತಾ?" ಅಂದ. ಸುತ್ತಲಿದ್ದವರು ನಕ್ಕರು. ಮಾಸ್ಟರೂ ನಕ್ಕರು.

ಅಷ್ಟೇ. ಅವಳು ವಿಗ್ ಕಿತ್ತು ಮಾಸ್ಟರ ಕೈಗಿಟ್ಟಳು.

"ಮಾಸ್ಟ್ರೇ, ಇವರು ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಇವರು ಹುಡುಗ, ನಾನು ಮುದುಕಿ. ಇದ್ಯಾವ ಸೀಮೆ ನ್ಯಾಯ? ಕುಣಿಯೋಕೆ ಕರೆದಿದ್ದೀರಿ, ಕುಣೀತೀನಿ. ಬೀಳೋಕೆ ಬಂದಿಲ್ಲ."

ಮಾಸ್ಟರ್ ಅವಳನ್ನು ಪಕ್ಕಕ್ಕೆ ಕರೆದು, ಹಠ ಬೇಡ, ಹೊಟ್ಟೆಪಾಡು ನೋಡಿಕೋ ಎಂದು ಮೆತ್ತಗೆ ಗದರಿದರು. ಹೊಟ್ಟೆಪಾಡಿಗೆಂದೇ ಇಷ್ಟು ವರ್ಷ ಹಿಂದೆ ನಿಂತು ಹಲ್ಲು ಕಿರಿದದ್ದು ಎಂದು ಹೇಳಿ ಅವಳು ಬಟ್ಟೆ ಬದಲಿಸಲು ಹೊರಟಳು. ವಿಗ್ ಉಳಿದ ಹೆಂಗಸರ ಕೈಯಿಂದ ಕೈಗೆ ಹೋಯಿತು, ಯಾರೂ ತಲೆಗೇರಿಸಲಿಲ್ಲ. ಒಬ್ಬಳಿಗೆ ಇದ್ದಕ್ಕಿದ್ದಂತೆ ತಲೆನೋವು, ಇನ್ನೊಬ್ಬಳಿಗೆ ತಣ್ಣೀರೆಂದರೆ ಆಗದು. ಹೊತ್ತು ಮೀರುತ್ತಿತ್ತು. ಕೊನೆಗೆ ಮ್ಯಾನೇಜರೇ ಆ ವಿಗ್ ಹಾಕಿ, ಸೀರೆ ಸುತ್ತಿಕೊಂಡು ತೊಟ್ಟಿಗೆ ಬಿದ್ದ.

ಹಾಡು ಊರೆಲ್ಲ ಮೊಳಗಿತು. ನಾಯಕನ ಹೆಜ್ಜೆಯನ್ನು ಜನ ಹೊಗಳಿದ್ದೇ ಹೊಗಳಿದ್ದು. ಟಿವಿ ಸಂದರ್ಶನದಲ್ಲಿ ಅವನು, ಅದು ತನಗೆ ತಾನೇ ಹೊಳೆದದ್ದು ಅಂದ. ಬುಗುರಿ ಎದ್ದು ಟಿವಿ ಆರಿಸಿದಳು. ಮಾಸ್ಟರಿಂದ ಮತ್ತೆ ಕರೆ ಬರಲಿಲ್ಲ. ಅಲ್ಲಿ ಇಲ್ಲಿ ಅಲೆದು ಬೇರೆ ಗುಂಪು ಹಿಡಿದಳು. ಅಲ್ಲೂ ಹಿಂದಿನ ಸಾಲೇ.

ಒಂದು ಸಂಜೆ ಅತ್ತೆ ಒಗೆದ ಬಟ್ಟೆ ಮಡಚುತ್ತ, "ಒಂದು ಸಲ ಬಿದ್ದಿದ್ರೆ ಗಂಟೇನು ಹೋಗ್ತಿತ್ತೇ?" ಅಂತ ಕೇಳಿದರು.

"ನಿಮ್ಮ ವಯಸ್ಸಿನವರನ್ನ ನೀರಿಗೆ ತಳ್ಳಿ ನಗೋದು ಅತ್ತೆ ಅದು. ನಾಳೆ ನಿಮ್ಮನ್ನೇ ಯಾರಾದ್ರೂ ತಳ್ಳಿದ್ರೆ ನಾನು ನೋಡ್ಕೊಂಡು ಇರಬೇಕಾ?"

ಅತ್ತೆ ಮಡಚಿದ ಟವೆಲ್ಲನ್ನೇ ಬಿಡಿಸಿ ಮತ್ತೆ ಮಡಚಿದರು.

"ಆ ಮುಂಡೇದು ಇನ್ನು ಈ ಮನೆ ಟಿವೀಲಿ ಕುಣಿಯೋದು ಬೇಡ," ಅಂದರು.