ಮಂತ್ರಿಗಳಿಗೆ ಹೊದಿಸಿದ ಶಾಲು

ನೈರೋಬಿಯ ಸೌತ್ ಬಿ ಬಡಾವಣೆಯ ಲಕ್ಷ್ಮೀಶನಿಗೆ ಸ್ವಂತ ಭಾವಮೈದುನ ಏನು ಕೆಲಸ ಮಾಡುತ್ತಾನೆಂದು ಸರಿಯಾಗಿ ಗೊತ್ತಿರಲಿಲ್ಲ. ಆದರೆ ಪರದೇಶದ ಒಬ್ಬ ಮಂತ್ರಿ ಯಾವ ವರ್ಷ ಯಾವ ಖಾತೆ ಹಿಡಿದು ಏನೇನು ನುಂಗಿದ ಎಂಬುದು ಬಾಯಿಪಾಠ! ಅದೇ ಅವನ ಉದ್ಯೋಗ. ಅಲ್ಲಿನ ಬ್ಯಾಂಕೊಂದರಲ್ಲಿ ಕೂತು, ದೊಡ್ಡ ದೇಶಗಳು ನಿರ್ಬಂಧ ಹೇರಿದವರ ಪಟ್ಟಿ ಹಿಡಿದು, ಅಂಥವರು ಒಳಗೆ ನುಸುಳದಂತೆ ಕಾಯುವುದು. ಆ ಪಟ್ಟಿಯವರಿಗೆ ಬ್ಯಾಂಕಿನವರು ಒಂದು ಪೆನ್ನು ಕೊಡುವಂತಿಲ್ಲ, ಅವರಿಂದ ಒಂದು ಚಾಕಲೇಟು ತೆಗೆದುಕೊಳ್ಳುವಂತಿಲ್ಲ. ತಪ್ಪಿದರೆ ಕೆಲಸ ಹೋಯಿತು, ಅದರ ಹಿಂದೆಯೇ ವೀಸಾ ಹೋಯಿತು, ಸಂಸಾರ ಸಮೇತ ಮೈಸೂರಿಗೆ ಗಂಟುಮೂಟೆ.

2006ರ ನವೆಂಬರಿನಲ್ಲಿ ಕನ್ನಡ ಸಂಘದ ಅಧ್ಯಕ್ಷ ಸದಾಶಿವರಾಯರು ರಾಜ್ಯೋತ್ಸವದ ಆಹ್ವಾನ ಪತ್ರಿಕೆ ತಂದು ಅವನ ಕೈಗಿಟ್ಟರು. ನಮ್ಮವರಿಗೆ ಭುವನೇಶ್ವರಿಯ ಪಟ ಮರೆತರೂ ನಡೆದೀತು, ಮುಖ್ಯ ಅತಿಥಿ ಇಲ್ಲದೆ ನಡೆಯದು. ಅದರಲ್ಲೂ ಮಂತ್ರಿ ಸಿಕ್ಕಿಬಿಟ್ಟರೆ, ಎಂಥ ಮಂತ್ರಿ ಎಂದು ಕೇಳುವ ಅಭ್ಯಾಸ ಯಾರಿಗಿದೆ? ಲಕ್ಷ್ಮೀಶ ಹೆಸರು ಓದಿದ. ಅವನ ಫೈಲಿನ ಮಂತ್ರಿಯೇ!

“ರಾಯರೇ, ಈಯಪ್ಪ ನಮ್ಮ ಸ್ಯಾಂಕ್ಷನ್ಸ್ ಲಿಸ್ಟಲ್ಲಿದಾನೆ! ಎಲ್ಲಿ ಸಿಕ್ಕಿದ ನಿಮಗೆ?”

“ಹೋಟೆಲ್ ಲಿಫ್ಟಲ್ಲಿ ಕಣಯ್ಯ. ಪಾಪ, ಕರೆದ ತಕ್ಷಣ ಒಪ್ಕೊಂಡ್ರು. ಕಾರ್ಡ್ ಪ್ರಿಂಟ್ ಆಗೋಗಿದೆ, ನೋಡು, ಅತಿಥಿ ಪರಿಚಯ ನಿಂದೇ.”

“ನಾನು ಶಾಲು ಮುಟ್ಟಲ್ಲ.”

“ಶಾಲು ನಾನು ಹೊದಿಸ್ತೀನಿ. ನೀನು ಬರೀ ಮಾತಾಡು.”

ಹೊಗಳಿದರೆ ಬ್ಯಾಂಕು ಬಿಡದು, ಬೈದರೆ ರಾಯರು ಬಿಡರು. ಎರಡು ದಿನ ತಲೆ ಕೆರೆದುಕೊಂಡ ಲಕ್ಷ್ಮೀಶನಿಗೆ ಕೊನೆಗೊಂದು ಉಪಾಯ ಹೊಳೆಯಿತು. ಇದ್ದದ್ದನ್ನು ಇದ್ದಹಾಗೆ ಹೇಳುವುದು, ಹೊಗಳುವ ರಾಗದಲ್ಲಿ, ಅಚ್ಚ ಕನ್ನಡದಲ್ಲಿ.

ನೈರೋಬಿಯ ಕಸರಾನಿಯ ಸಭಾಂಗಣ ತುಂಬಿತ್ತು. ಶಾಲು ಹೊದ್ದು ಪೇಟ ತೊಟ್ಟ ಮಂತ್ರಿಗಳು ಮದುಮಗನ ಹಾಗೆ ಕಂಗೊಳಿಸುತ್ತಿದ್ದರು. ಲಕ್ಷ್ಮೀಶ ಮೈಕು ಹಿಡಿದ. “ಸನ್ಮಾನ್ಯರು ಕೃಷಿ ಖಾತೆಯಲ್ಲಿದ್ದಾಗ ಗೊಬ್ಬರ ರೈತರಿಗೆ ತಲುಪದಂತೆ ಹಗಲಿರುಳು ದುಡಿದರು! ಆರೋಗ್ಯ ಖಾತೆಗೆ ಬಂದರು, ಆಸ್ಪತ್ರೆಯ ಹಾಸಿಗೆಗಳು ಕಾಣೆಯಾದವು! ಬಂದರು ಖಾತೆಯ ಮೂರೇ ವರ್ಷದಲ್ಲಿ ಎರಡು ಹಡಗು ಮಾಯ! ಈ ಸಾಧನೆಗೆ ಬೆರಗಾಗಿ ಹತ್ತಾರು ದೇಶಗಳು, ದಯವಿಟ್ಟು ನಮ್ಮಲ್ಲಿಗೆ ಬರಬೇಡಿ ಎಂದು ಲಿಖಿತವಾಗಿ ಪ್ರಾರ್ಥಿಸಿವೆ!” ಸಭೆ ಹೊಟ್ಟೆ ಹಿಡಿದು ನಕ್ಕು ಚಪ್ಪಾಳೆ ತಟ್ಟಿತು. ಮಂತ್ರಿಗಳು ಎದ್ದೆದ್ದು ಕೈಮುಗಿದರು.

ನೈರೋಬಿಯಲ್ಲಿ ಬೆಳೆದ ಮಕ್ಕಳು ಕನ್ನಡ ಆಡುವುದಿಲ್ಲವೆಂದು ಹೆತ್ತವರು ಗೋಳಾಡುತ್ತಾರೆಯೇ ಹೊರತು, ಅವಕ್ಕೆ ಅರ್ಥ ಆಗುತ್ತದೆಂಬುದನ್ನು ಮರೆತೇಬಿಡುತ್ತಾರೆ. ನಾಡಗೀತೆ ಹಾಡಿ ವೇದಿಕೆಯಲ್ಲೇ ಕೂತಿದ್ದ ಲಕ್ಷ್ಮೀಶನ ಮಗಳು ಜಾಹ್ನವಿಯನ್ನು ಮಂತ್ರಿಗಳು ಬಗ್ಗಿ ಕೇಳಿದರು, ಇವರು ಏನು ಹೇಳುತ್ತಿದ್ದಾರೆ ಎಂದು. ಹುಡುಗಿ ಸ್ವಚ್ಛ ಇಂಗ್ಲಿಷಿನಲ್ಲಿ ಒಂದೂ ಬಿಡದೆ ಒಪ್ಪಿಸಿದಳು, ಹಡಗು ಸಮೇತ.

ಮಂತ್ರಿಗಳು ಎದ್ದರು. ರಾಯರ ಮುಖ ಹುಳಿ ಹಿಂಡಿದಂತಾಯಿತು. ಲಕ್ಷ್ಮೀಶ ಮನಸ್ಸಿನಲ್ಲೇ ಮೈಸೂರಿಗೆ ಟಿಕೆಟ್ಟು ತೆಗೆದ.

“ಒಂದು ತಪ್ಪಿದೆ,” ಎಂದರು ಮಂತ್ರಿಗಳು ಇಂಗ್ಲಿಷಿನಲ್ಲಿ. “ಬಂದರು ಖಾತೆ ಮೂರು ವರ್ಷವಲ್ಲ, ನಾಲ್ಕು. ನನ್ನ ಬದುಕನ್ನು ಇಷ್ಟು ಶ್ರದ್ಧೆಯಿಂದ ಓದಿದವರು ನನ್ನ ಮನೆಯಲ್ಲೂ ಇಲ್ಲ.” ಹಾಗೆಂದವರೇ ತಮ್ಮ ಹೆಗಲ ಶಾಲು ತೆಗೆದು ಲಕ್ಷ್ಮೀಶನಿಗೆ ಹೊದಿಸಿ ಅಪ್ಪಿಕೊಂಡರು. ಕ್ಯಾಮೆರಾಗಳು ಮಿಂಚಿದವು. ಕೊಡಬಾರದೆಂದು ಒದ್ದಾಡಿದವನು ತೆಗೆದುಕೊಂಡು ನಿಂತಿದ್ದ!

ಸೋಮವಾರ ಶಾಲನ್ನು ಚೀಲಕ್ಕೆ ಹಾಕಿಕೊಂಡು, ತಾನೇ ಮೇಲಧಿಕಾರಿ ಹೆಲನ್ ಎದುರು ಹೋಗಿ ನಿಂತು ಎಲ್ಲ ಹೇಳಿದ. ಹೆಲನ್ ಮಂತ್ರಿಯ ಫೈಲು ಎಳೆದು ತೆರೆದಳು.

“ನಾಲ್ಕು ವರ್ಷ ಅಂತ ಅವರೇ ಹೇಳಿದರಾ?”

“ಹೌದು ಮೇಡಂ.”

“ಹಾಗಾದರೆ ಮೊದಲು ಫೈಲ್ ತಿದ್ದು. ನೀನಾಗಿಯೇ ಬಂದು ಹೇಳಿದ್ದಕ್ಕೆ ಬದುಕಿಕೊಂಡೆ.”

ಕೆಲಸ ಉಳಿಯಿತು. ಶಾಲು ಮಾತ್ರ ಅರಗಿನ ಮುದ್ರೆ ಒತ್ತಿಸಿಕೊಂಡು ಬ್ಯಾಂಕಿನ ತಿಜೋರಿ ಸೇರಿತು. ಆ ಮಹಾಶಯರ ಆಸ್ತಿಯೆಂದು ಆ ಬ್ಯಾಂಕು ಮುಟ್ಟುಗೋಲು ಹಾಕಿಕೊಂಡದ್ದು ಅದೊಂದೇ, ಸಂಘದ ಚಂದಾದಲ್ಲಿ ತಂದ ಶಾಲು. ಮುಂದಿನ ನವೆಂಬರಿನಲ್ಲಿ ರಾಯರು ಫೋನು ಮಾಡಿದರು.

“ಆ ಶಾಲು ಬಿಡಿಸ್ಕೊಡ್ತೀಯೇನಯ್ಯ? ಈ ಸಲಾನೂ ಒಬ್ಬರು ಮಂತ್ರಿ ಸಿಕ್ಕಿದಾರೆ.”