ಮೂರನೇ ತರಗತಿ ಟೀಚರ್ ತುಂಬಿದ ಫಾರಂ

ಇಪ್ಪತ್ತೆರಡು ವರ್ಷ ಮೂರನೇ ತರಗತಿಗೇ ಪಾಠ ಮಾಡಿದ ಆ ಟೀಚರಿಗೆ ಒಂದು ಹೆಮ್ಮೆಯಿತ್ತು. ಹೆಸರಿಲ್ಲದ ನೋಟ್‌ಬುಕ್ ಕೈಗೆ ಕೊಟ್ಟರೆ ಒಂದು ಪುಟ ತಿರುವಿ, ಇದು ಇಂಥ ಮಗುವಿನದು ಎಂದು ಹೇಳಿಬಿಡುತ್ತಿದ್ದರು. "ನನ್ನ ಕ್ಲಾಸಿನ ಮಕ್ಕಳು ನನಗೆ ಅಂಗೈ ಗೆರೆ ಇದ್ದ ಹಾಗೆ" ಎಂಬುದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ ಮಾತು.

ಆ ವರ್ಷ ಅವರ ಕ್ಲಾಸಿನಲ್ಲಿ ನಲವತ್ತಾರು ಮಕ್ಕಳು. ಅವರಲ್ಲಿ ಒಂದೇ ಹೆಸರಿನ ಹುಡುಗಿಯರು ಇಬ್ಬರು. ಇನಿಷಿಯಲ್ ಮಾತ್ರ ಬೇರೆ. ಒಬ್ಬಳು ಮಾತಿನಮಲ್ಲಿ. ಇನ್ನೊಬ್ಬಳು ಕಿಟಕಿ ಪಕ್ಕದ ಬೆಂಚಿನಲ್ಲಿ ಸದ್ದಿಲ್ಲದೆ ಕೂರುವವಳು. ಮನೆಯಲ್ಲಿ ಅವಳನ್ನು ಚಿಟ್ಟೆ ಎನ್ನುತ್ತಿದ್ದರು.

ಚಿಟ್ಟೆಯ ತಾಯಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದರು. ಮಗಳು ಹೇಳಿದ್ದು ಮರೆಯುತ್ತಾಳೆ, ಹಿಡಿದ ಕೆಲಸ ಅರ್ಧಕ್ಕೇ ಬಿಡುತ್ತಾಳೆ ಎಂದು ಮಕ್ಕಳ ಡಾಕ್ಟರಿಗೆ ತೋರಿಸಿದರು. ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ ಇರಬಹುದೆಂದು ಡಾಕ್ಟರಿಗೂ ಅನುಮಾನ ಬಂತು.

"ಮನೇಲಿ ನೋಡಿದ್ದಷ್ಟೇ ಸಾಲಲ್ಲಮ್ಮ. ಬೇರೆ ಕಡೆ ಅವಳನ್ನ ದಿನಾ ನೋಡೋ ದೊಡ್ಡವರು ಏನ್ ಹೇಳ್ತಾರೆ ಅನ್ನೋದೂ ಬೇಕು" ಎಂದು ಅವರು ಅವಳ ನಡವಳಿಕೆಯ ಬಗ್ಗೆ ಪ್ರಶ್ನೆಗಳಿದ್ದ ಎರಡು ಫಾರಂ ಕೊಟ್ಟರು. ತಾಯಿ ಒಂದನ್ನು ಟೀಚರಿಗೆ, ಇನ್ನೊಂದನ್ನು ಸ್ಕೂಲ್ ವ್ಯಾನಿನ ಡ್ರೈವರಿಗೆ ತಲುಪಿಸಿದರು.

ಟೀಚರ್ ಫಾರಂ ತೆಗೆದದ್ದು ಪರೀಕ್ಷೆ ಪೇಪರುಗಳ ರಾಶಿಯ ನಡುವೆ, ಬೆಲ್ಲಿಗೆ ಐದು ನಿಮಿಷ ಇರುವಾಗ. ಹೆಸರು ನೋಡಿದರು, ಇನಿಷಿಯಲ್ ನೋಡಲಿಲ್ಲ. 'ಎಂದೂ ಇಲ್ಲ' ಎಂಬ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಟಿಕ್ ಹಾಕಿ, ಕೊನೆಗೆ ಬರೆದರು: 'ಚುರುಕು ಹುಡುಗಿ. ಇಡೀ ಶಾಲೆಯ ಮುಂದೆ ನಿಂತು ಪದ್ಯ ಹೇಳಿದ್ದಾಳೆ. ಯಾವ ತೊಂದರೆಯೂ ಇಲ್ಲ.'

ಹದಿನೈದು ದಿನ ಕಳೆದ ಮೇಲೆ ತಾಯಿ ಶಾಲೆಗೆ ಬಂದರು.

"ತಪ್ಪು ತಿಳ್ಕೋಬೇಡಿ ಟೀಚರ್. ನೀವು ಬರೆದಿದ್ದಕ್ಕೂ ಡ್ರೈವರಣ್ಣ ಬರೆದಿದ್ದಕ್ಕೂ ಅಜಗಜಾಂತರ ಇದೆಯಂತೆ. ಇನ್ನೊಂದ್ಸಲ ಕೇಳ್ಕೊಂಡು ಬನ್ನಿ ಅಂದ್ರು ಡಾಕ್ಟ್ರು."

ತಾಯಿ ಚಾಚಿದ ಎರಡು ಕಾಗದಗಳಲ್ಲಿ ಟೀಚರ್ ಎರಡನೆಯದನ್ನು ತೆಗೆದುಕೊಂಡರು. ಡ್ರೈವರನದು ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ. 'ವಾರಕ್ಕೆ ಮೂರು ದಿನ ಬ್ಯಾಗು ಸೀಟಲ್ಲೇ ಬಿಟ್ಟು ಇಳೀತಾಳೆ. ಮೂರು ಸಲ ಕೂಗಿದ್ರೆ ತಿರುಗ್ತಾಳೆ. ಒಂದಿನ ಬೇರೆ ಸ್ಟಾಪಲ್ಲಿ ಇಳಿದುಬಿಟ್ಳು. ಅವತ್ತಿಂದ ನನ್ನ ಹಿಂದಿನ ಸೀಟು ಅವಳಿಗೆ. ಬೈದ್ರೆ ಅಳಲ್ಲ, ಸಾರಿ ಮಾಮ ಅಂತಾಳೆ.'

ಅವರು ಓದಿ ಮುಗಿಸುವಷ್ಟರಲ್ಲಿ ತಾಯಿ ನಗುತ್ತಾ ಕೇಳಿದರು: "ಅದೇನೇ ಇರ್ಲಿ, ನೀವು ಪದ್ಯದ್ದು ಬರೆದಿದ್ರಲ್ಲ, ಅದನ್ನ ನಮ್ಮತ್ತೆಗೆ ಎರಡು ಸಲ ಓದಿ ಹೇಳಿದೆ. ಇವಳು ನಮ್ಮ ಹತ್ರ ಬಾಯೇ ಬಿಟ್ಟಿಲ್ಲ ನೋಡಿ! ಯಾವ ಪದ್ಯ ಟೀಚರ್?"

ಆಗ ಟೀಚರಿಗೆ ತಾವು ಮಾಡಿದ್ದೇನೆಂದು ಹೊಳೆಯಿತು. ಪದ್ಯ ಹೇಳಿದ್ದು ಮಾತಿನಮಲ್ಲಿ. ಟಿಕ್ಕುಗಳೂ ಅವಳವೇ.

"ಅದೊಂದು... ಚಿಕ್ಕ ಪದ್ಯ" ಎಂದುಬಿಟ್ಟರು. ಒಂದು ವಾರ ಸಮಯ ಬೇಕೆಂದು ತಾಯಿಯನ್ನು ಕಳಿಸಿಕೊಟ್ಟರು.

ಅಂದು ಮಧ್ಯಾಹ್ನ ಚಿಟ್ಟೆಯ ನೋಟ್‌ಬುಕ್ ತೆರೆದರು. ಪ್ರತಿ ಪುಟದಲ್ಲೂ ಮೂರು ಲೆಕ್ಕ ಪೂರ್ತಿ, ನಾಲ್ಕನೆಯದು ಅರ್ಧ, ಆಮೇಲೆ ಖಾಲಿ. ಖಾಲಿ ಜಾಗದಲ್ಲಿ ಅವರದೇ ಕೆಂಪು ಅಕ್ಷರ: 'ಅಸಡ್ಡೆ'. ಜೂನ್‌ನಿಂದ ಹಾಗೇ ಬರೆದುಕೊಂಡು ಬಂದಿದ್ದರು. ಬರೆದದ್ದು ನೆನಪಿತ್ತು, ಯಾರಿಗೆ ಬರೆದದ್ದೆಂಬುದು ನೆನಪಿರಲಿಲ್ಲ.

ವಾರವಿಡೀ ಅವಳನ್ನು ಗಮನಿಸಿ ದಿನ, ಹೊತ್ತು ಹಾಕಿ ಬರೆದಿಟ್ಟರು. ಪುಸ್ತಕ ತೆಗೆಯಿರಿ ಎಂದರೆ ಎಲ್ಲರೂ ಬರೆಯತೊಡಗಿದರೂ ಅವಳ ಕೈ ಬ್ಯಾಗಿನೊಳಗೇ ಇರುತ್ತಿತ್ತು, ಏನು ಹುಡುಕಲು ಹೋಗಿತ್ತೆಂದು ಕೈಗೇ ಮರೆತಂತೆ. ಹೊಸ ಫಾರಂ ತುಂಬಿ, ಡಾಕ್ಟರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡರು. ಫೋನಿನಲ್ಲಿ ಹೇಳುವುದು ಸುಲಭವಾಗಿತ್ತು. ಆಮೇಲೆ ಲಾಂಡ್ರಿಗೆ ನಡೆದರು.

ತಾಯಿ ಆವಿಯ ನಡುವೆ ಯಾರದೋ ಅಂಗಿಯ ಕಾಲರ್ ಒತ್ತುತ್ತಿದ್ದರು.

"ಪದ್ಯ ಹೇಳಿದ್ದು ನಿಮ್ಮ ಮಗಳಲ್ಲಮ್ಮ. ಇನ್ನೊಬ್ಬಳು. ಫಾರಂ ಅವಳ ಮೇಲೆ ತುಂಬಿಬಿಟ್ಟಿದ್ದೆ."

"ಮತ್ತೆ ನಾನು ಕೇಳಿದಾಗ?"

"ಸುಳ್ಳು ಹೇಳಿದೆ."

ತಾಯಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. "ಇಲ್ಲದ ಕಾಯಿಲೆ ಮಗೂಗೆ ಅಂಟಿಸ್ತಿದ್ದೀಯ ಅಂತ ಮನೇಲಿ ನನ್ನ ಬೈದ್ರು ಟೀಚರ್. ನಿಮ್ಮ ಕಾಗದ ತೋರಿಸಿ ತೋರಿಸಿ ಬೈದ್ರು."

ಟೀಚರ್ ಕ್ಷಮೆ ಕೇಳಿದರು. ತಾಯಿ ಅಂಗಿ ಮಡಚಿಟ್ಟು ಮುಂದಿನದನ್ನು ಎಳೆದುಕೊಂಡರು.

ಇನ್ನಷ್ಟು ಪರೀಕ್ಷೆಗಳಾದ ಮೇಲೆ ಡಾಕ್ಟರ್ ತಮ್ಮ ಅನುಮಾನ ನಿಜವೆಂದರು. ಟೀಚರ್ ಚಿಟ್ಟೆಯನ್ನು ಮುಂದಿನ ಬೆಂಚಿಗೆ ತಂದರು. ಈಗ ಎರಡೆರಡೇ ಲೆಕ್ಕ ಕೊಡುತ್ತಾರೆ, ನಡುವೆ ಬೋರ್ಡ್ ಒರೆಸಲು ಎಬ್ಬಿಸುತ್ತಾರೆ. ಪುಟಗಳು ಪೂರ್ತಿ ತುಂಬುವುದಿಲ್ಲ, ಆದರೆ ಮೊದಲಿನಷ್ಟು ಖಾಲಿಯೂ ಇರುವುದಿಲ್ಲ. ಟೀಚರ್ ನಡೆದದ್ದನ್ನೆಲ್ಲ ಸ್ಟಾಫ್ ರೂಮಿನಲ್ಲಿ ತಾವಾಗಿಯೇ ಹೇಳಿದರು. ಹೊಸ ಟೀಚರೊಬ್ಬರು "ಬಿಡಿ ಮೇಡಂ, ಯಾರಿಗಾದ್ರೂ ಆಗುತ್ತೆ" ಎಂದದ್ದು ಅವರಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಪೋಷಕರ ಸಭೆಗೆ ತಾಯಿ ತಪ್ಪದೆ ಬರುತ್ತಾರೆ. ಮಗಳ ಬಗ್ಗೆ ಪ್ರಶ್ನೆ ಕೇಳಿ, ಟೀಚರ್ ಹೇಳುವುದನ್ನೆಲ್ಲ ಕೇಳಿಸಿಕೊಂಡು ತಲೆಯಾಡಿಸುತ್ತಾರೆ. ಆಮೇಲೆ ಗೇಟಿನ ಬಳಿ ವ್ಯಾನಿಗೆ ಒರಗಿ ನಿಂತು, ಡ್ರೈವರಿಗೂ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಟೀಚರಿಗೆ ಕ್ಲಾಸಿನ ಬಾಗಿಲಿಂದ ಅದು ಕಾಣುತ್ತದೆ. ಹಾಗೆ ಮಾಡಬೇಡಿ ಎನ್ನಲು ಅವರಿಗೆ ಬಾಯಿಲ್ಲ.